ತಲೆ ಜಜ್ಜುವ ಸಾಲು

ಪಕ್ಕೆಗೆ ಗುದ್ದಿದರೆ ಹಾಡು ನಿಲ್ಲುತ್ತದೆ ಎಂಬುದು ಅವಳ ಗಂಡನಿಗೆ ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ಅವನೂ ಹಾಡುವವನೇ. ಗಂಟಲು ಹಿಸುಕುವುದೆಲ್ಲ ಹಾಡು ಗೊತ್ತಿಲ್ಲದವರ ಕೆಲಸ. ಹಾಡುವವರ ದನಿ ಗಂಟಲಲ್ಲಿರುವುದಿಲ್ಲ. ಉಸಿರೆಳೆದಾಗ ಕೊನೆಯ ಪಕ್ಕೆಲುಬುಗಳು ಕೊಡೆಯ ಕಡ್ಡಿಗಳ ಹಾಗೆ ಬಿಚ್ಚಿಕೊಳ್ಳುತ್ತವಲ್ಲ, ಅಲ್ಲಿರುತ್ತದೆ. ಅವನು ಅಲ್ಲಿಗೇ ಗುದ್ದಿದ.

ಸಂಜೆಯ ಬೆಳಕು ಅಡುಗೆಮನೆಯ ಕಿಟಕಿಯಲ್ಲಿ ಇನ್ನೂ ಇತ್ತು. ಅವಳ ಕೈಯಲ್ಲಿದ್ದ ಪಾತ್ರೆ ಜಾರಿ ಸಿಂಕಿಗೆ ಬಿದ್ದು ಬೊಬ್ಬೆ ಹಾಕಿತು.

"ಆ ಹಾಡು ನಂಗೆ ಬೇಡ ಅಂತ ಮೇಷ್ಟ್ರಿಗೆ ಹೇಳ್ತೀಯೋ ಇಲ್ವೋ?"

ಹೇಳಲು ಉಸಿರಿರಲಿಲ್ಲ. ಬಾಯಿ ತೆರೆದು ಗೋಡೆ ಹಿಡಿದು ನಿಂತವಳು ತಲೆಯಾಡಿಸಿದಳು. ಇಲ್ಲ.

ಎರಡನೆಯ ಗುದ್ದಿಗೆ ಒಳಗೆಲ್ಲೋ ಒಣ ಕಡ್ಡಿ ಮುರಿದ ಹಾಗೆ ಲಟಕ್ಕೆಂದಿತು. ಅದು ಅವನಿಗೂ ಕೇಳಿಸಿತು. "ಈಗ ಹಾಡು, ನೋಡೋಣ," ಎಂದು ಕೈ ಕೊಡವಿಕೊಂಡು ಕೆಳಗಿನ ಶೆಡ್ಡಿಗೆ ಇಳಿದು ಹೋದ. ಸ್ವಲ್ಪ ಹೊತ್ತಿಗೆ ತಗಡಿನ ಮೇಲೆ ಸುತ್ತಿಗೆಯ ಸದ್ದು ಶುರುವಾಯಿತು.

ಗುದ್ದಿಸಿಕೊಂಡು ಬಂದ ಕಾರುಗಳ ಡೆಂಟ್ ತೆಗೆಯುವವನು ಅವನು. ಎಲ್ಲರೂ ಟಿಂಕರ್ ಎಂದೇ ಕರೆಯುತ್ತಿದ್ದರು. ಬಾಗಿಲ ತಗಡಿನ ಒಳಗಿನಿಂದ ಕಬ್ಬಿಣದ ಗಟ್ಟಿ ಆನಿಸಿ, ಹೊರಗಿನಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ, ಬಡಿದ ಗುರುತೇ ಉಳಿಯದಂತೆ ಬಡಿಯುವುದು ಆ ಕಸುಬು. ಆ ಕಸುಬನ್ನು ಮೆಟ್ಟಿಲು ಹತ್ತಿಸಿ ಮನೆಗೂ ತಂದಿದ್ದ. ಅವಳ ಮುಖದ ಮೇಲಾಗಲಿ ಮುಂಗೈ ಮೇಲಾಗಲಿ ಯಾವತ್ತೂ ಒಂದು ಗೀರು ಕಂಡವರಿಲ್ಲ. ಶೆಡ್ಡಿನ ಮೂಲೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಅವಳು ಸೀಟುಗಳ ಹೊದಿಕೆ ಹೊಲಿಯುತ್ತಿದ್ದಳು. "ಗಂಡ ಹೆಂಡ್ತಿ ಸೇರಿ ಹಳೇ ಗಾಡೀನ ಹೊಸದು ಮಾಡಿಬಿಡ್ತೀರಪ್ಪ," ಎಂದು ಗಿರಾಕಿಗಳು ಹೊಗಳಿ ಹೋಗುತ್ತಿದ್ದರು.

ಈ ಸಲದ ರಂಪಕ್ಕೆ ಕಾರಣ ಒಂದು ಕೀರ್ತನೆ.

ಗಂಡ, ಹೆಂಡತಿ, ಅತ್ತೆ ಮೂವರೂ ಚರ್ಚಿನ ಗಾಯಕವೃಂದದಲ್ಲಿದ್ದರು. ಅವನದು ಬೇಸ್, ಗಂಡಸರ ತೀರಾ ಕೆಳಗಿನ ದನಿ. ಅವನಪ್ಪನೂ ಅದೇ ಸಾಲಿನಲ್ಲಿ ನಿಂತು ಹಾಡಿದವನು. ಅವಳದು ಹೆಂಗಸರ ಮೇಲಿನ ದನಿ, ಸೊಪ್ರಾನೊ. ಉಸಿರು ಮುಗಿಯುವುದೇ ಇಲ್ಲವೆಂದು ಮೇಷ್ಟ್ರು ಅವಳಿಗೆ ತಿದಿ ಎಂದು ಹೆಸರಿಟ್ಟಿದ್ದರು, ಕಮ್ಮಾರನ ತಿದಿ. ಆ ಹೆಸರು ಅವಳಿಗೆ ಇಷ್ಟವಾಗಿತ್ತು. ತನ್ನ ಮೈಯ ಬಗ್ಗೆ ಯಾರಾದರೂ ಒಳ್ಳೆಯ ಮಾತಾಡಿದ್ದರೆ ಅದೊಂದೇ.

ಮೇಷ್ಟ್ರು ನಿವೃತ್ತ ಗಣಿತದ ಮೇಷ್ಟ್ರು, ಸಣಕಲು ಆಸಾಮಿ. ಸಂಗೀತದ ವಿಷಯಕ್ಕೆ ಬಂದರೆ ಮಾತ್ರ ಹುಲಿ. ಆ ವರ್ಷ ಬರೋಕ್ ಕಾಲದ ಒಂದು ದೊಡ್ಡ ಕೃತಿ ಎತ್ತಿಕೊಂಡರು: ಮುನ್ನೂರು ವರ್ಷ ಹಳೆಯದು, ಲ್ಯಾಟಿನ್ ಕೀರ್ತನೆಯೊಂದಕ್ಕೆ ಹಾಕಿದ ರಾಗ. ಮೊದಲ ದಿನ ಅರ್ಥ ಹೇಳಿದರು.

"ದೇವರು ರಾಜನಿಗೆ ಹೇಳ್ತಾನೆ, ಬಾ, ನನ್ನ ಬಲಗಡೆ ಕೂತ್ಕೋ, ನಿನ್ನ ಶತ್ರುಗಳನ್ನ ನಿನ್ನ ಕಾಲುಮಣೆ ಮಾಡಿ ಕೊಡ್ತೀನಿ ಅಂತ. ಆಮೇಲೆ ಸಿಟ್ಟಿನ ದಿನ ಬರುತ್ತೆ. ರಾಜರನ್ನೆಲ್ಲ ಪುಡಿ ಮಾಡ್ತಾನೆ, ಹೆಣ ರಾಶಿ ಹಾಕ್ತಾನೆ, ದೇಶದೇಶದಲ್ಲಿ ತಲೆ ಜಜ್ಜುತ್ತಾನೆ."

"ಇದು ದೇವರ ಹಾಡೋ ರೌಡಿಗಳ ಹಾಡೋ ಮೇಷ್ಟ್ರೇ?" ಎಂದ ಬೇಕರಿಯವನು. ಬೇಸ್ ಸಾಲಿನಲ್ಲಿ ಟಿಂಕರನ ಎಡಕ್ಕೆ ನಿಲ್ಲುವವನು ಅವನು.

"ಮೊದಲು ಹಾಡು. ಆಮೇಲೆ ನೀನೇ ಹೇಳು."

ತಲೆ ಜಜ್ಜುವ ಸಾಲು ಬಂದಾಗ ಎಲ್ಲರೂ ಬೆವರಿದರು. ಅಲ್ಲಿ ರಾಗವೇ ಇಲ್ಲ. ಜಜ್ಜುವನು ಎಂಬ ಒಂದೇ ಒಂದು ಲ್ಯಾಟಿನ್ ಕ್ರಿಯಾಪದವನ್ನು ಬರೆದವನು ತುಂಡು ತುಂಡು ಮಾಡಿ ಹಾಕಿದ್ದ. ಒಂದೊಂದು ಅಕ್ಷರ ಬೇರೆ ಬೇರೆ, ನಡುವೆ ಗಾಳಿ. ಇಡೀ ವೃಂದ ಒಟ್ಟಿಗೆ ಒಂದೇ ಏಟಿನಂತೆ ಬೀಳಬೇಕು. ಇವರು ಹಾಡಿದರೆ ಗೋಣಿ ಹರಿದು ಆಲೂಗಡ್ಡೆ ಉರುಳಿದ ಹಾಗೆ ಕೇಳುತ್ತಿತ್ತು.

"ಇದು ಬಾಯಿಂದ ಬರಲ್ಲ ಕಣ್ರಯ್ಯ," ಎಂದರು ಮೇಷ್ಟ್ರು. "ಮೊದಲು ಕೈಯಿಂದ ಕಲೀರಿ. ಮುಷ್ಟಿ ಕಟ್ಟಿ. ಒಂದೊಂದು ಅಕ್ಷರಕ್ಕೂ ಮೇಜಿಗೆ ಒಂದೊಂದು ಗುದ್ದು. ಮನೇಲೂ ಇದೇ ಅಭ್ಯಾಸ ಮಾಡಿ. ಮೈಗೆ ಇಳೀಬೇಕು ಅದು."

"ಮನೇಲಿ ಮೇಜಿಲ್ದೋರು ಏನ್ ಮಾಡೋಣ?" ಎಂದು ಪೋಸ್ಟ್‌ಮ್ಯಾನ್ ಕೇಳಿದ. ಟಿಂಕರನ ಬಲಗಡೆಯವನು.

"ಹೆಂಡ್ತಿ ಬೆನ್ನಿದೆಯಲ್ಲೋ," ಎಂದ ಬೇಕರಿಯವನು.

ಎಲ್ಲರೂ ನಕ್ಕರು. ಟಿಂಕರ್ ನಕ್ಕ. ಅವಳೂ ನಕ್ಕಳು.

ಅವನು ಮೊದಮೊದಲು ಊಟದ ಮೇಜಿನ ಮೇಲೆಯೇ ಅಭ್ಯಾಸ ಮಾಡಿದ. ತಟ್ಟೆಗಳು ಕುಣಿದವು, ಉಪ್ಪಿನ ಡಬ್ಬಿ ಉರುಳಿತು. ಸುತ್ತಿಗೆ ಹಿಡಿದ ಕೈ, ಗತಿ ಅವನಿಗೆ ನೀರು ಕುಡಿದಷ್ಟು ಸಲೀಸು. ಒಂದು ವಾರದಲ್ಲಿ ಮೇಷ್ಟ್ರು ಅವನನ್ನು ಎಬ್ಬಿಸಿ ನಿಲ್ಲಿಸಿ, "ನೋಡ್ರಪ್ಪ, ಹೀಗೆ," ಎಂದು ಎಲ್ಲರಿಗೂ ತೋರಿಸಿದರು. ಅವತ್ತು ಮನೆಗೆ ಬಂದವನು ಖುಷಿಯಲ್ಲಿದ್ದ. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಮೇಜು ಬಿಟ್ಟು ಎದ್ದು ಬಂದು ಅವಳನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿ, ಭುಜದ ಮೂಳೆಗಳ ನಡುವೆ ಆ ಸಾಲನ್ನು ಗುದ್ದಿದ. ಬಾಯಲ್ಲಿ ಅಕ್ಷರ, ಬೆನ್ನಲ್ಲಿ ಮುಷ್ಟಿ. ಒಂದು ಕಡೆಯೂ ಗತಿ ತಪ್ಪಲಿಲ್ಲ. ಮದುವೆಗೆ ಮುಂಚೆ ಅವನ ಹಾಡು ಕೇಳಿ, ಇಂಥ ದನಿ ಇರುವವನು ಮೆತ್ತಗಿನ ಮನುಷ್ಯ ಎಂದುಕೊಂಡಿದ್ದಳು. ಅವಳಮ್ಮನೂ ಹಾಗೇ ಅಂದುಕೊಂಡಿದ್ದಳು. ಸಂಗೀತ ಮನುಷ್ಯನನ್ನು ತಿದ್ದುತ್ತದೆ ಎಂದು ಶಾಲೆಯ ಗೋಡೆಯ ಮೇಲೆ ಬರೆಸಿರುತ್ತಾರೆ. ಬರೆಸಿದವರು ಬೇಸ್ ಹಾಡುವವನ ಜೊತೆ ಸಂಸಾರ ಮಾಡಿರುವುದಿಲ್ಲ.

ಅಭ್ಯಾಸದಲ್ಲಿ ಅವಳು ತಪ್ಪತೊಡಗಿದಳು. ಆ ಸಾಲು ಹತ್ತಿರ ಬಂದರೆ ಬೆನ್ನು ತಂತಾನೇ ಬಿಗಿಯುತ್ತಿತ್ತು. ಎಲ್ಲರಿಗಿಂತ ಅರ್ಧ ಮಾತ್ರೆ ಮುಂಚೆ ಅವಳ ದನಿ ಚಿಮ್ಮಿಬಿಡುತ್ತಿತ್ತು.

ಮೇಷ್ಟ್ರು ಕೈ ನಿಲ್ಲಿಸಿದರು. "ಯಾಕಮ್ಮ ತಿದಿ, ಗುದ್ದು ಬೀಳೋಕ್ಕಿಂತ ಮುಂಚೇನೇ ಕಿರುಚ್ತೀಯ?"

ಬೇಸ್ ಸಾಲಿನಲ್ಲಿ ಕಿಸಕ್ ಎಂದು ನಗು. ಪಕ್ಕದಲ್ಲಿದ್ದ ನರ್ಸ್ ನಗಲಿಲ್ಲ. ಆಸ್ಪತ್ರೆಯ ಅಪಘಾತದ ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದ ಗಟ್ಟಿ ಹೆಂಗಸು, ಅವಳ ದನಿಯೂ ಮೇಲಿನ ದನಿಯೇ. ಅಭ್ಯಾಸ ಮುಗಿದ ಮೇಲೆ ಪಾಯಿಖಾನೆಯ ಬಾಗಿಲ ಬಳಿ ಅಡ್ಡ ನಿಂತಳು.

"ಬೆನ್ನು ತೋರ್ಸು."

"ಏನಿಲ್ಲ ಅಕ್ಕ."

"ಏನಿಲ್ಲ ಅನ್ನೋರನ್ನೇ ದಿನಾ ಸ್ಟ್ರೆಚರಲ್ಲಿ ತರ್ತಾರೆ. ತಿರುಗು."

ರವಿಕೆ ಎತ್ತಿ ನೋಡಿದಳು. ಇಳಿಸಿ, ಗುಂಡಿ ತಾನೇ ಹಾಕಿದಳು. "ಸಾಲಾಗಿದೆಯಲ್ಲೇ," ಎಂದಳು ಕೊನೆಗೆ, "ಅಳತೆ ಹಿಡಿದು ಹೊಡೆದ ಹಾಗೆ."

"ಮೇಷ್ಟ್ರು ಹೇಳಿಕೊಟ್ಟ ಹಾಗೆ."

ಇಷ್ಟನ್ನೂ ಅವಳು ಸಹಿಸಿಕೊಂಡಿದ್ದಳು. ಸಹಿಸಿಕೊಂಡದ್ದು ಒಳ್ಳೆಯತನಕ್ಕಲ್ಲ, ಬೇರೆ ದಾರಿ ಕಾಣದ್ದಕ್ಕೆ. ಆದರೆ ತಲೆ ಜಜ್ಜಿ ಮುಗಿದ ಮೇಲೆ ಆ ಕೃತಿ ಇದ್ದಕ್ಕಿದ್ದಂತೆ ತಣ್ಣಗಾಗುತ್ತದೆ. ದಾರಿಯ ಪಕ್ಕದ ತೊರೆಯಲ್ಲಿ ನೀರು ಕುಡಿದು ಗೆದ್ದ ರಾಜ ತಲೆ ಎತ್ತುತ್ತಾನೆ, ಅಷ್ಟೇ ಅರ್ಥ. ಅದನ್ನು ಇಬ್ಬರೇ ಹೆಂಗಸರು ಹಾಡುತ್ತಾರೆ. ಎರಡು ದನಿಗಳು ಮೈಗೆ ಮೈ ತಾಗುವಷ್ಟು ಹತ್ತಿರ ಬಂದು ಉಜ್ಜಿಕೊಂಡು, ನೋಯಿಸಿಕೊಂಡು, ಬಿಡಿಸಿಕೊಳ್ಳುತ್ತವೆ. ಕೆಳಗೆ ಗಂಡಸರು ಮಾತ್ರ, ಹೆಚ್ಚುಕಡಿಮೆ ಒಂದೇ ಸ್ವರದಲ್ಲಿ, ಇದ್ದೂ ಇಲ್ಲದ ಹಾಗೆ. ಮೇಲಿನ ಸಾಲನ್ನು ಮೇಷ್ಟ್ರು ನರ್ಸಿಗೆ ಕೊಟ್ಟರು, ಎರಡನೆಯದನ್ನು ಅವಳಿಗೆ. ಬೇಸಿನವನು ಒಬ್ಬನೇ ಹಾಡುವ ತುಂಡೊಂದಿತ್ತು. ಟಿಂಕರ್ ಅದು ತನ್ನದೇ ಎಂದುಕೊಂಡು ಎದೆಯುಬ್ಬಿಸಿ ಕೂತಿದ್ದ. ಅದು ಬೇಕರಿಯವನಿಗೆ ಹೋಯಿತು.

ಮೊದಲ ಸಲ ಹಾಡಿದಾಗ ಸಾಲಿನ ಕೊನೆಗೆ ಬಂದರೂ ಅವಳಲ್ಲಿ ಉಸಿರು ಮಿಕ್ಕಿತ್ತು. ಮಿಕ್ಕ ಉಸಿರನ್ನು ಏನು ಮಾಡುವುದೆಂದು ತಿಳಿಯದೆ ಸ್ವರವನ್ನು ಹಾಗೇ ಹಿಡಿದುಕೊಂಡಿದ್ದಳು. ಮೇಷ್ಟ್ರ ಕೈ ಗಾಳಿಯಲ್ಲಿ ನಿಂತುಬಿಟ್ಟಿತ್ತು. ಬದುಕಿನಲ್ಲಿ ಅವಳು ಯಾವುದನ್ನೂ ಅಷ್ಟು ಬಯಸಿದ್ದಿಲ್ಲ. ಕಾರ್ಯಕ್ರಮದ ದಿನ ಅದನ್ನು ಹಾಡಬೇಕು. ಆಮೇಲೆ ಏನಾದರೂ ಆಗಲಿ.

"ನಾನು ನಿನ್ನ ಕೆಳಗೆ ನಿಂತು ಗುಂಯ್ ಅಂತ ಗುನುಗಬೇಕಾ?" ಎಂದು ಅವನು ಅಡುಗೆಮನೆಗೆ ಬಂದದ್ದು, ಪಕ್ಕೆಗೆ ಗುದ್ದಿದ್ದು ಅದಾದ ಸಂಜೆ.

ಸುತ್ತಿಗೆ ಸದ್ದು ಕೇಳಿಸುತ್ತಿರುವಾಗಲೇ ಅತ್ತೆ ಬಂದರು. ಸೀಟಿನ ಹೊದಿಕೆಗೆ ತಂದಿದ್ದ ದಪ್ಪ ಬಟ್ಟೆಯನ್ನು ಉದ್ದಕ್ಕೆ ಹರಿದು ತಂದಿದ್ದರು. ಕೇಳುವುದು ಹೇಳುವುದು ಏನೂ ಇರಲಿಲ್ಲ. "ಕೈ ಎತ್ತು," ಎಂದು ಎದೆಯ ಕೆಳಗೆ ಸುತ್ತಿ ಸುತ್ತಿ ಬಿಗಿದರು. ಕೈ ಪಳಗಿದ ಕೈ.

"ನೀವು ಯಾರಿಗೆ ಕಟ್ಟಿ ಕಲಿತ್ರಿ ಅತ್ತೆ?"

"ಯಾರಿಗೆ ಕಟ್ಲಿ? ನಂಗೇ." ಗಂಟು ಹಾಕಿ ಎಳೆದರು. "ಅವರಪ್ಪನ ಕೈ ಇವನಿಗಿಂತ ಭಾರ. ನೋಡು, ಹಾಡು ಬಿಟ್ಟುಬಿಡು. ಮೈ ಉಳಿಯುತ್ತೆ."

"ನೀವು ಬಿಟ್ರಾ?"

"ಒಬ್ಬಳೇ ನಿಂತು ಹಾಡೋದು ಬಿಟ್ಟೆ. ಗುಂಪಲ್ಲಿ ನಿಂತ್ಕೊಂಡೆ. ಗುಂಪಲ್ಲಿದ್ರೆ ಯಾರ ದನಿ ಯಾರದ್ದು ಅಂತ ಅವರಿಗೆ ಗೊತ್ತಾಗಲ್ಲ."

"ಮೈ ಉಳೀತಾ?"

ಅತ್ತೆ ಸಿಂಕಿನಿಂದ ಪಾತ್ರೆ ತೆಗೆದು ಉಳಿದದ್ದನ್ನು ತಾವೇ ತೊಳೆದರು.

ಮಾರನೆಯ ದಿನ ನರ್ಸ್ ಆ ಬಟ್ಟೆಯನ್ನು ಕತ್ತರಿಯಿಂದ ಕತ್ತರಿಸಿ ಬಿಸಾಕಿದಳು. "ಇದನ್ನ ಕಟ್ಟಬಾರದು ಕಣೇ. ನೋವಾಗ್ಲಿ, ಉಸಿರು ಆಳಕ್ಕೆ ಎಳೀಲೇಬೇಕು. ಇಲ್ಲಾಂದ್ರೆ ಕಫ ಕಟ್ಟಿ ಜ್ವರ ಬರುತ್ತೆ, ಸಾಯ್ತೀಯ." ಬೆರಳಿಟ್ಟು ಒತ್ತಿದಳು. ಒತ್ತಿಸಿಕೊಂಡವಳ ಕಣ್ಣಲ್ಲಿ ನೀರು ಚಿಮ್ಮಿತು. "ಬಿರುಕು ಬಿಟ್ಟಿದೆ ಒಂದು ಮೂಳೆ. ಪೊಲೀಸಿಗೆ ಹೋಗೋಣ, ನಡಿ. ನಾನು ಬರ್ತೀನಿ."

"ಕಾರ್ಯಕ್ರಮ ಆಗ್ಲಿ ಅಕ್ಕ."

"ನಿನ್ ತಲೆ! ನೀನು ಈ ಪಕ್ಕೇಲಿ ಹಾಡ್ತೀಯ?"

"ನೀವೇ ಹೇಳಿದ್ರಲ್ಲ, ಉಸಿರು ಎಳೀಬೇಕು ಅಂತ."

ಅವತ್ತಿನಿಂದ ಅವಳು ಹೊಲಿಗೆ ಯಂತ್ರದ ಮುಂದೆ ಕೂತು ಉಸಿರೆಳೆಯುವುದನ್ನು ಕಲಿತಳು. ಒಳಗೆ ಚೂರಿ ತಿರುಗಿಸಿದ ಹಾಗೆ ಆಗುತ್ತಿತ್ತು. ಚೂರಿ ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ನಿಲ್ಲಿಸಿದರೆ ಬಾಯಿಂದ ಅಯ್ಯೋ ಹೊರಡುವುದಿಲ್ಲ, ಒಂದೊಂದೇ ಗೆರೆ ನೋಡಿಕೊಂಡಳು. ತಿದಿಯ ಉಸಿರು ಅರ್ಧಕ್ಕಿಳಿದಿತ್ತು. ನರ್ಸ್ ಜೊತೆ ಕೂತು ಹಂಚಿಕೊಂಡಳು: ನಾನು ಇಲ್ಲಿ ಕದ್ದು ಉಸಿರೆಳೆಯುತ್ತೇನೆ, ಅಲ್ಲಿ ನೀವು ಸ್ವರ ಗಟ್ಟಿಯಾಗಿ ಹಿಡಿದುಕೊಂಡಿರಿ, ಬಿಟ್ಟದ್ದು ಕೇಳಿಸದ ಹಾಗೆ.

ಒಂದು ಸಲ ಬಾಯಿಬಿಟ್ಟು ಮೇಷ್ಟ್ರಿಗೂ ಹೇಳಿದಳು. ಅಭ್ಯಾಸಕ್ಕೆ ಬೇಗ ಹೋಗಿ, ಕುರ್ಚಿ ಜೋಡಿಸುತ್ತಿದ್ದವರ ಮುಂದೆ ನಿಂತು, ಇದ್ದದ್ದು ಇದ್ದ ಹಾಗೆ. ಪೋಸ್ಟ್‌ಮ್ಯಾನ್, ಬೇಕರಿಯವನು ಅಲ್ಲೇ ಬೆಂಚು ಎಳೆಯುತ್ತಿದ್ದರು, ಅವರಿಗೂ ಕೇಳಿಸಿತು. ಅವರಿಗೇನೂ ಹೊಸ ಸುದ್ದಿಯಲ್ಲ. ಪೋಸ್ಟ್‌ಮ್ಯಾನ್ ದಿನಾ ಶೆಡ್ಡಿಗೆ ಕಾಗದ ಕೊಡುವವನು. ಒಂದು ಸಲ ಅವಳು ಸೀಟಿನ ಮೇಲೆ ಮುದುಡಿ ಬಿದ್ದಿದ್ದಾಗ ಕಾಗದವನ್ನು ಬಾಗಿಲಲ್ಲೇ ಇಟ್ಟು ಹೋಗಿದ್ದ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಛೆ ಛೆ. ಹಾಡೋಕೆ ಆಗುತ್ತಾ ನಿಂಗೆ?"

"ಆಗುತ್ತೆ."

"ಹಾಗಾದ್ರೆ... ನೋಡಮ್ಮ, ಈಗ ಅವನನ್ನ ಕಳಿಸಿದ್ರೆ ಬೇಸ್ ಸಾಲೇ ಕುಸಿದುಬೀಳುತ್ತೆ. ಆ ಜಜ್ಜೋ ಸಾಲು ಅವನಿಲ್ದೆ ಆಗಲ್ಲ. ಮುಗೀಲಿ. ಆಮೇಲೆ ನಾನೇ ಕೂರಿಸಿಕೊಂಡು ಮಾತಾಡ್ತೀನಿ."

"ಗಂಡ ಹೆಂಡ್ತಿ ವಿಷಯ, ಮೇಷ್ಟ್ರೇ, ನಾವು ಬಾಯಿ ಹಾಕೋದು ಚೆನ್ನಾಗಿರಲ್ಲ," ಎಂದ ಪೋಸ್ಟ್‌ಮ್ಯಾನ್, ಬೆಂಚಿನ ಕಡೆ ನೋಡುತ್ತ.

"ಒಳ್ಳೇ ದನಿ ಅವನದು," ಎಂದ ಬೇಕರಿಯವನು. "ಸ್ವಲ್ಪ ಕೋಪ, ಅಷ್ಟೇ. ಬಿಸಿ ಒಲೆ ಹತ್ರ ಕೆಲಸ ಮಾಡೋ ನಂಗೆ ಬರಲ್ವಾ ಕೋಪ?"

ಅವಳು ತನ್ನ ಕುರ್ಚಿಗೆ ಹೋಗಿ ಕೂತಳು.

ಕಾರ್ಯಕ್ರಮದ ಸಂಜೆ ಚರ್ಚು ತುಂಬಿ, ಬಾಗಿಲ ಬಳಿಯೂ ಜನ ನಿಂತಿದ್ದರು. ಅವಳು ಕಪ್ಪು ಉಡುಪು ಹಾಕುವಾಗ ಗಂಡ ಬಾಗಿಲಿಗೆ ಒರಗಿ ನೋಡುತ್ತಿದ್ದ. ಹೊಡೆಯಲಿಲ್ಲ. "ಹಾಡು ಹಾಡು," ಎಂದ, ಹಲ್ಲು ಬಿಟ್ಟು. "ನಾನೂ ಇರ್ತೀನಲ್ಲ ಹಿಂದೆ." ಅದು ಗುದ್ದಿಗಿಂತ ಹೆಚ್ಚು ಹೆದರಿಸಿತು.

ಹೆಂಗಸರು ಮುಂದೆ, ಗಂಡಸರು ಹಿಂದಿನ ಮೆಟ್ಟಿಲುಗಳ ಮೇಲೆ. ಆರ್ಗನ್ ಶುರುವಾಯಿತು, ಪಿಟೀಲುಗಳು ಕುದುರೆ ಓಡಿದ ಹಾಗೆ ಓಡಿದವು. ಶತ್ರುಗಳು ಕಾಲುಮಣೆಯಾದರು. ಬೇಕರಿಯವನು ತನ್ನ ತುಂಡನ್ನು ಹಾಡಿದ, ಚೆನ್ನಾಗಿಯೇ ಹಾಡಿದ. ರಾಜರು ಪುಡಿಯಾದರು, ಹೆಣ ಬಿದ್ದವು. ಜಜ್ಜುವ ಸಾಲು ಬಂದಾಗ ಅವಳ ಬೆನ್ನು ಬಿಗಿಯಿತು. ಬಿಗಿದ ಬೆನ್ನಲ್ಲೇ ಕಾದಳು. ಅರ್ಧ ಮಾತ್ರೆ ಕಳೆಯಲಿ ಎಂದು ಕಾದು, ಏಟು ಬಿದ್ದ ಕ್ಷಣಕ್ಕೆ ಸರಿಯಾಗಿ ಬಾಯಿ ಬಿಟ್ಟಳು. ಇಡೀ ವೃಂದ ಒಂದೇ ಮುಷ್ಟಿಯಾಗಿ ಬಿತ್ತು. ಮುಂದಿನ ಸಾಲಿನಲ್ಲಿ ಒಬ್ಬ ಮುದುಕ ಬೆಚ್ಚಿ ಕೋಲು ಕೆಡವಿದ. ಟಿಂಕರನ ದನಿ ಎಲ್ಲರ ಬುಡದಲ್ಲಿ ಕಬ್ಬಿಣದ ಗಟ್ಟಿಯ ಹಾಗೆ ಇತ್ತು. ಮೇಷ್ಟ್ರ ಮುಖ ಬೆಳಗುತ್ತಿತ್ತು.

ನಂತರ ಮೌನ. ಅವಳೂ ನರ್ಸೂ ಎರಡು ಹೆಜ್ಜೆ ಮುಂದೆ ಬಂದು ನಿಂತರು.

ನರ್ಸ್ ಶುರು ಮಾಡಿದಳು. ಅವಳು ಉಸಿರೆಳೆದಳು, ಚೂರಿ ತಿರುಗಿತು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ದನಿ ಹೊರಟಿತು. ನರ್ಸಿನ ಸ್ವರದ ಪಕ್ಕಕ್ಕೆ ಹೋಗಿ ತಾಗಿತು, ಉಜ್ಜಿತು, ಬಿಡಿಸಿಕೊಂಡಿತು. ಕದ್ದು ಎಳೆಯಬೇಕಾದಲ್ಲಿ ಕದ್ದಳು, ನರ್ಸ್ ಹಿಡಿದುಕೊಂಡಳು. ಯಾರಿಗೂ ಕೇಳಿಸಲಿಲ್ಲ. ಹಿಂದೆ ಗಂಡಸರು ಇದ್ದೂ ಇಲ್ಲದ ಹಾಗೆ ಸೇರಿಕೊಂಡರು.

ಆಗ ಆ ದನಿಗಳ ಒಳಗಿಂದ ಒಂದು ದನಿ ಎದ್ದಿತು.

ಅವನು ಗುನುಗಲಿಲ್ಲ. ಹೊಟ್ಟೆಯ ಬುಡದಿಂದ, ಜಜ್ಜುವ ಸಾಲಿಗೆ ಹಾಕಿದಷ್ಟೇ ಶಕ್ತಿ ಹಾಕಿ, ಆ ಒಂದೇ ಸ್ವರವನ್ನು ಕೂಗಿದ. ಬೇಕೆಂದೇ ಕೂದಲೆಳೆಯಷ್ಟು ಕೆಳಗೆ ಇಳಿಸಿ ಕೂಗಿದ. ಮೇಷ್ಟ್ರ ಎಡಗೈ ಅಂಗೈ ಕೆಳಗಾಗಿ ಒತ್ತಿತು: ಮೆಲ್ಲಗೆ. ಅವನು ಇನ್ನೂ ಏರಿಸಿದ. ಜನರಲ್ಲಿ ತಲೆಗಳು ತಿರುಗಿದವು. ಅವಳಿಗೆ ತನ್ನ ಸ್ವರ ತನಗೇ ಕೇಳಿಸದಾಯಿತು. ನರ್ಸಿನ ಬಾಯಿ ನೋಡಿಕೊಂಡು ಹಾಡಿದಳು.

ಹಿಂದೆ ಏನಾಯಿತೆಂದು ಅವಳು ನೋಡಲಿಲ್ಲ, ತಿರುಗುವಂತಿರಲಿಲ್ಲ. ಹೆಂಗಸರ ಸಾಲಿನ ಅಂಚಿನಿಂದ ತಿರುಗಿ ನೋಡಿದ್ದು ಅತ್ತೆ, ಹೇಳಿದ್ದು ಆಮೇಲೆ. ಪೋಸ್ಟ್‌ಮ್ಯಾನ್ ಅವನ ಭುಜದ ಮೇಲೆ ಕೈಯಿಟ್ಟ. ಅವನು ಮೊಣಕೈ ಬೀಸಿದ. ಪೋಸ್ಟ್‌ಮ್ಯಾನಿನ ತುಟಿ ಒಡೆಯಿತು. ಬೇಕರಿಯವನು, ದಿನಾ ಮಣಗಟ್ಟಲೆ ಹಿಟ್ಟು ನಾದುವ ಆ ಕೈಯಿಂದ, ಅವನ ಕುತ್ತಿಗೆಯನ್ನು ಹಿಂದಿನಿಂದ ಹಿಡಿದ. ಬಾಯಿಗೆ ಇನ್ನೊಂದು ಕೈ ಬಿತ್ತು. ಮೂರ್ನಾಲ್ಕು ಜನ ಸೇರಿ ಅವನನ್ನು ಮೆಟ್ಟಿಲಿನಿಂದ ಎತ್ತಿ, ಪಕ್ಕದ ಬಾಗಿಲಿನಿಂದ ಉಡುಪು ಬದಲಿಸುವ ಕೋಣೆಗೆ ಎಳೆದುಕೊಂಡು ಹೋದರು. ಬಾಗಿಲು ಮುಚ್ಚಿತು.

ಅವಳಿಗೆ ಕೇಳಿಸಿದ್ದು ಬಾಗಿಲಿನ ಆಚೆಯದು. ಮೊದಲು ಕುರ್ಚಿ ಉರುಳಿದ್ದು. ನಂತರ ಏಟುಗಳು. ಮಾಂಸದ ಮೇಲೆ ಬೀಳುವ ಮುಷ್ಟಿಯ ಸದ್ದು ಅವಳಿಗೆ ಚಿರಪರಿಚಿತ, ಆದರೆ ಹೊರಗಿನಿಂದ ಕೇಳಿದ್ದು ಅದೇ ಮೊದಲು. ಆ ಏಟುಗಳಿಗೆ ಗತಿಯೇ ಇರಲಿಲ್ಲ. ಒಂದರ ಮೇಲೊಂದು, ಗೋಣಿಯಿಂದ ಉರುಳಿದ ಹಾಗೆ. ಗೋಡೆಗೆ ಏನೋ ದೊಪ್ಪೆಂದಿತು. ಅವನ ದನಿ ಒಂದು ಸಲ ಮೇಲಕ್ಕೆ ಹೋಯಿತು, ಬೇಸಿನವನೊಬ್ಬ ಹೋಗಬಾರದಷ್ಟು ಮೇಲಕ್ಕೆ. ಆರ್ಗನ್ ನುಡಿಸುವವನು ಹೆದರಿ ಸದ್ದು ಹೆಚ್ಚಿಸಿದ. ಉಳಿದ ಗಂಡಸರು ಇದ್ದೂ ಇಲ್ಲದ ಹಾಗೆ ಹಾಡುತ್ತಲೇ ಇದ್ದರು.

ಅವಳೂ ಹಾಡುತ್ತಲೇ ಇದ್ದಳು. ತೊರೆಯ ನೀರು ಕುಡಿಯುವ ಸಾಲು ಮುಗಿದು ತಲೆ ಎತ್ತುವ ಸಾಲಿಗೆ ಬಂದಳು. ಕೊನೆಯ ಸ್ವರಕ್ಕೆ ಅರ್ಧ ಉಸಿರು ಸಾಲುವುದಿಲ್ಲವೆಂದು ಗೊತ್ತಿತ್ತು. ಗೆರೆ ದಾಟಿ ಪೂರ್ತಿ ಎಳೆದುಕೊಂಡಳು. ಒಳಗೆ ಮತ್ತೆ ಲಟಕ್ಕೆಂದಿತು. ಕಣ್ಣು ಕತ್ತಲಿಟ್ಟಿತು. ಸ್ವರ ಮಾತ್ರ ನಿಂತಿತು, ನರ್ಸಿನದರ ಪಕ್ಕದಲ್ಲಿ, ಮೇಷ್ಟ್ರ ಕೈ ಮುಚ್ಚುವವರೆಗೂ.

ಕೊನೆಯ ಭಾಗಕ್ಕೆ ಅವರು ವಾಪಸು ಬಂದರು. ಬೇಕರಿಯವನ ಗೆಣ್ಣು ಸುಲಿದಿತ್ತು. ಪೋಸ್ಟ್‌ಮ್ಯಾನ್ ತುಟಿಯ ರಕ್ತವನ್ನು ತೋಳಿಗೆ ಒರೆಸಿಕೊಂಡು ನಿಂತ. ಆ ಭಾಗದ ಸ್ತೋತ್ರ ಇನ್ನಿಲ್ಲದ ರಭಸದಿಂದ ಓಡಿತು. ಇವರು ಅಷ್ಟು ಚೆನ್ನಾಗಿ ಯಾವತ್ತೂ ಹಾಡಿರಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಕೆಳಗಿಳಿದು ಬಂದಾಗ ಮೇಷ್ಟ್ರು ಅವಳ ಎರಡೂ ಕೈ ಹಿಡಿದುಕೊಂಡರು. ಕಣ್ಣು ಒದ್ದೆಯಾಗಿತ್ತು. "ಏನು ಹಾಡಿದೆ ತಾಯಿ! ಏನು ಹಾಡಿದೆ!"

"ಕೆಡಿಸಿಬಿಡ್ತಿದ್ದ ನೋಡಿ ಬೋಳಿಮಗ," ಎಂದ ಬೇಕರಿಯವನು, ಗೆಣ್ಣನ್ನು ಬಾಯಲ್ಲಿಟ್ಟು ಚೀಪುತ್ತ. ಹೆಮ್ಮೆಯಲ್ಲಿದ್ದ. "ಇಷ್ಟು ತಿಂಗಳ ಕಷ್ಟ! ಹಾಡಿಗೆ ಅವಮಾನ ಮಾಡಿದ್ರೆ ಸುಮ್ನಿರ್ತೀವಾ? ನಾಲ್ಕು ಹಾಕಿದೀವಿ ಸರಿಯಾಗಿ."

"ಹಾಡಿಗೆ," ಎಂದಳು ಅವಳು.

"ಮತ್ತೆ?"

ಅವಳು ಅವನ ಮುಖ ನೋಡಿದಳು. ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಪೋಸ್ಟ್‌ಮ್ಯಾನಿಗೆ ತಿಳಿಯಿತೇನೋ, ನೆಲ ನೋಡಿದ. ಮೂಳೆ ಮುರಿದದ್ದನ್ನು ಇವರ ಮುಂದೆ ಹೇಳಿದಾಗ ಬೆಂಚು ಎಳೆಯುತ್ತಿದ್ದ ಕೈಗಳೇ ಇವು. ಒಂದು ಸ್ವರ ಕೆಳಗಿಳಿದದ್ದಕ್ಕೆ ಒಬ್ಬನ ಮುಖ ಒಡೆದು ಬಂದಿವೆ.

"ಒಳಗಿದ್ದಾನೆ," ಎಂದ ಪೋಸ್ಟ್‌ಮ್ಯಾನ್. "ಸ್ವಲ್ಪ ಜಾಸ್ತಿಯಾಯ್ತೋ ಏನೋ. ಮನೆಗೆ ಕರ್ಕೊಂಡು ಹೋಗಮ್ಮ."

ಕೋಣೆಯಲ್ಲಿ ಕೋಟುಗಳು ನೆಲದ ತುಂಬ ಬಿದ್ದಿದ್ದವು. ಗಂಡ ಬೀರುವಿಗೆ ಒರಗಿ ಕಾಲು ಚಾಚಿ ಕೂತಿದ್ದ. ಮೂಗು ಒಂದು ಕಡೆಗೆ ತಿರುಗಿತ್ತು, ಮುಂದಿನ ಹಲ್ಲುಗಳ ಜಾಗ ಕೆಂಪು ಗುಂಡಿಯಾಗಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು. ಇವರಿಗೆ ಗುರುತು ಉಳಿಯದಂತೆ ಹೊಡೆಯುವ ಕಸುಬು ಬರುತ್ತಿರಲಿಲ್ಲ. ಅತ್ತೆ ಆಗಲೇ ಪಕ್ಕದಲ್ಲಿ ಮೊಣಕಾಲೂರಿ, ಸೆರಗಿನಿಂದ ಅವನ ಬಾಯಿ ಒರೆಸುತ್ತಿದ್ದರು.

ತೆರೆದಿದ್ದ ಒಂದು ಕಣ್ಣಿನಿಂದ ಅವನು ಹೆಂಡತಿಯನ್ನು ನೋಡಿದ. "ನಡಿ," ಎಂದ, ಮಾತು ತೊದಲುತ್ತಿತ್ತು. "ನಡಿ ಮನೆಗೆ. ತೋರಿಸ್ತೀನಿ ನಿಂಗೆ."

ಅವಳ ಕಾಲು ಅಭ್ಯಾಸಬಲದಿಂದ ಒಂದು ಹೆಜ್ಜೆ ಮುಂದೆ ಬಂತು. ಅಲ್ಲಿಗೇ ನಿಂತಿತು.

ಬಾಗಿಲಲ್ಲಿ ನಿಂತಿದ್ದ ಗಂಡಸರ ಕಡೆ ತಿರುಗಿದಳು. "ನಾನ್ಯಾಕೆ ಕರ್ಕೊಂಡು ಹೋಗ್ಲಿ? ನಿಮ್ಮ ಬೇಸ್ ಅಲ್ವಾ? ಇವನಿಲ್ದೆ ಸಾಲು ಕುಸಿಯುತ್ತೆ ಅಂದ್ರಲ್ಲ? ನೀವೇ ಇಟ್ಕೊಳ್ಳಿ."

"ಅಲ್ಲಮ್ಮ, ಏನೇ ಆದ್ರೂ ಗಂಡ..." ಎಂದರು ಮೇಷ್ಟ್ರು.

"ಗಂಡ ಹೆಂಡ್ತಿ ವಿಷಯಕ್ಕೆ ನೀವು ಬಾಯಿ ಹಾಕಲ್ಲ ಅ‌ಲ್ವಾ ಮೇಷ್ಟ್ರೇ?"

ಟಿಂಕರ್ ಏಳಲು ನೋಡಿದ. ನೆಲದ ಮೇಲೆ ಅಂಗೈ ಊರಿ, ಮೈಯನ್ನು ಎಳೆದುಕೊಂಡು ಅವಳ ಕಾಲು ಹಿಡಿಯಲು ಕೈ ಚಾಚಿದ. ಅವಳು ಆ ಕೈಯ ಮೇಲೆ ಹಿಮ್ಮಡಿಯಿಟ್ಟು ನಿಂತಳು. ಪೂರ್ತಿ ಭಾರ ಬಿಟ್ಟಳು. ಸುತ್ತಿಗೆ ಹಿಡಿಯುವ ಕೈ. ಬೆರಳುಗಳು ಕೆಳಗೆ ಕದಲಿದ್ದು ಪಾದಕ್ಕೆ ಗೊತ್ತಾಯಿತು. ಅವನು ಅರಚಿದ. ಯಾರೂ ತಡೆಯಲಿಲ್ಲ. ಹೊಡೆಯುವವರನ್ನು ತಡೆಯುವ ರೂಢಿ ಅಲ್ಲಿ ಯಾರಿಗೂ ಇರಲಿಲ್ಲ.

ಅವಳು ಕಾಲು ತೆಗೆದಾಗ ಅತ್ತೆ ಒಂದು ಕೈಯಲ್ಲಿ ಮಗನ ತಲೆ ಹಿಡಿದುಕೊಂಡೇ ಇನ್ನೊಂದನ್ನು ಅವನ ಕೋಟಿನ ಜೇಬಿಗೆ ಹಾಕಿದರು. ಮನೆಯದೂ ಶೆಡ್ಡಿನದೂ ಸೇರಿದ್ದ ಬೀಗದ ಕೈ ಗೊಂಚಲು ಹೊರತೆಗೆದು, ಸೊಸೆಯ ಮುಖ ನೋಡದೆ, ಹಿಂದಕ್ಕೆ ಚಾಚಿದರು.

"ಇವನನ್ನ ಆಸ್ಪತ್ರೆಗೆ ಹಾಕ್ತೀನಿ," ಎಂದರು. "ಅಲ್ಲಿ ಹೊಲಿಗೆ ಗಿಲಿಗೆ ಅಂತ ತುಂಬ ಹೊತ್ತು ಕೂರಿಸ್ತಾರೆ. ಹೊಲಿಗೆ ಯಂತ್ರ ಭಾರ, ಒಬ್ಬಳೇ ಎತ್ತಬೇಡ. ಪಕ್ಕೆ ಮೊದಲೇ ಸರಿ ಇಲ್ಲ."

ಅವಳು ಬೀಗದ ಕೈ ತೆಗೆದುಕೊಂಡಳು. ಹೊರಗೆ ಜನ ಇನ್ನೂ ಚದುರಿರಲಿಲ್ಲ, ಯಾರೋ ಅವಳನ್ನು ಗುರುತಿಸಿ ಚಪ್ಪಾಳೆ ತಟ್ಟಿದರು. ನರ್ಸ್ ಮೆಟ್ಟಿಲ ಬಳಿ ಚೀಲ ಹಿಡಿದು ನಿಂತಿದ್ದಳು.

"ಅಕ್ಕ, ಒಂದು ಭಾರದ ಸಾಮಾನು ಎತ್ತಬೇಕು. ಬರ್ತೀರಾ?"

"ಎತ್ತೋಣ," ಎಂದಳು ನರ್ಸ್. "ಮೊದಲು ಸ್ವಲ್ಪ ಉಸಿರು ತಗೋ."

ಅವಳು ಎಳೆದುಕೊಂಡಳು. ನೋವಿಗೆ ಬಾಯಿಂದ ಬೈಗುಳ ಬಂತು, ಚರ್ಚಿನ ಮೆಟ್ಟಿಲ ಮೇಲೆ, ಎಲ್ಲರಿಗೂ ಕೇಳಿಸುವಷ್ಟು ಜೋರಾಗಿ.